ಶನಿಯ ಹಗ್ಗ ಹರಿದದ್ದು

ಬಂಡುಂಗ್, ಭಾನುವಾರ

ಅಕ್ಕಾ,
ಸುಖವಾಗಿ ತಲುಪಿದೆ, ಮಂಡಿನೋವು ಮಾತ್ರ ಬಸ್ಸಿಳಿದ ಮೇಲೂ ಬಿಟ್ಟಿಲ್ಲ. ನಿನ್ನ ಮಗಳು ರೆತ್ನೊ ಮೆಚ್ಚಿರುವ ಗಿನಾಂಜಾರ್‌ನನ್ನು ನೋಡಿದೆ. "ಗ್ರಹಗಳ ಕೆಲಸ" ಅಂದಿದ್ದನಲ್ಲ, ನಾವು ದೊಡ್ಡ ದುರ್ಬೀನಿನ ನೌಕರಿ ಅಂದುಕೊಂಡೆವು. ಇವನು ಸಭಾಂಗಣದ ಸೂರಿಗೆ ಬಕೆಟ್ಟು, ಬಾಣಲೆ, ಸೈಕಲ್ ಚಕ್ರ ನೇತುಹಾಕಿ, ಗ್ರಹಗಳು ಸುತ್ತುವ ಲೆಕ್ಕದಲ್ಲೇ ತಿರುಗಿಸಿ ಬಾರಿಸುತ್ತಾನೆ. ಅದು ಸಂಗೀತವಂತೆ. ಜನ ಕಣ್ಣುಮುಚ್ಚಿ ಕೇಳುತ್ತಾರೆ.

"ಇದಕ್ಕೆ ಸಂಬಳ ಎಷ್ಟಪ್ಪಾ?" ಅಂದೆ.
"ಇವತ್ತು ಊಟ ಹಾಕ್ತಾರೆ, ಚಿಕ್ಕಮ್ಮ," ಅಂದ.

ಬಾರಿಸುತ್ತಿರುವಾಗ ನಡುವೆ ಶನಿಗ್ರಹವಾಗಿದ್ದ ಕಬ್ಬಿಣದ ಬಾಣಲೆಯ ಹಗ್ಗ ಹರಿದು, ಪಕ್ಕದಲ್ಲಿ ಲೋಟ ಬಾರಿಸುತ್ತಿದ್ದ ರೆತ್ನೊ ಕಡೆಗೇ ಹಾರಿಬಂತು. ಇವನು ಕೈ ಅಡ್ಡ ಕೊಟ್ಟ. ಬೆರಳು ಬಾತುಕೊಂಡರೂ "ನಿಂಗೇನೂ ತಾಗ್ಲಿಲ್ಲ ತಾನೆ?" ಅಂತ ಅವಳನ್ನೇ ಕೇಳುತ್ತಾನೆ.
"ಕತ್ತೆ, ಮೊದ್ಲು ಕೈ ತೋರ್ಸು!" ಅಂತ ಇವಳು ಅಳುತ್ತಾಳೆ.

ನನ್ನನ್ನು ಒಲಿಸಲು ಹೂಡಿದ ನಾಟಕ ಅಂತಲೇ ನನಗೆ ಅನುಮಾನ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಬ್ಬಳೇ ಹೋಗಿ ಹಗ್ಗದ ತುದಿ ಹಿಡಿದು ನೋಡಿದೆ. ಚಾಕು ತಾಗಿದ ಗುರುತಿಲ್ಲ, ಸವೆದೇ ಹರಿದಿದೆ.

ಸಂಬಳದ ಮಾತು ನೀನೇ ಆಡು. ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಬಸ್ಸಿಗೆ ಹೊತ್ತಾಯಿತು.

ಸುಲಾಸ್ತ್ರಿ