ಅಪ್ಪನ ಗಾಡಿಯ ಆಯಿಲ್ ಪ್ರೆಶರ್

ಆಟೊ ನಗರ, ಬಸವಕಲ್ಯಾಣ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಅವ್ವನಿಗೆ ಶರಣು.

ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆ ದಿನಾ ನುಂಗುತ್ತೀಯೋ, ಇಲ್ಲ ತವರಿನ ಗಾಳಿಗೇ ಎಲ್ಲ ಇಳಿಯುತ್ತದೆ ಎಂದು ಡಬ್ಬಿಯಲ್ಲೇ ಬಿಟ್ಟಿದ್ದೀಯೋ? ಫೋನ್ ಮಾಡಿದರೆ ಮಾವ ಎತ್ತುತ್ತಾನೆ. "ಅಕ್ಕ ಹೊಲಕ್ಕ ಹೋಗ್ಯಾಳ" ಎನ್ನುತ್ತಾನೆ; ಅವನ ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಶೇಂಗಾ ಕಟ್ಟಿಕೊಟ್ಟ ಹಾಳೆಯನ್ನೂ ಬಿಡಿಸಿ ಓದುವವಳು ನೀನು, ಮಗನ ಕಾಗದವನ್ನು ಹಾಗೇ ಇಡಲಾರೆ ಎಂಬ ಧೈರ್ಯ.

ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಬರುವ ಶುಕ್ರವಾರ ತಂಗಿ ಪೂನಂ ಮದುವೆ. ಮನೆ ತುಂಬ ನೆಂಟರು, ಒಬ್ಬರಿಗೂ ಯಾವ ವಸ್ತು ಎಲ್ಲಿದೆ ಗೊತ್ತಿಲ್ಲ. ನಿನ್ನ ಸೊಸೆ ಸ್ನೇಹಲ್ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು "ಅತ್ತಿ ಎಲ್ಲಿ ಇಟ್ಟಾರೋ ಏನೋ" ಎನ್ನುತ್ತ ತಿರುಗುತ್ತಾಳೆ. ಪೂನಂ ಮೆಹೆಂದಿ ಹಚ್ಚಿಸಿಕೊಳ್ಳಲು ಒಲ್ಲೆ ಎಂದು ಕೂತಿದ್ದಾಳೆ. ನನಗಂತೂ ಸಾಕಾಗಿಹೋಗಿದೆ. ಗಾಡಿಯ ಕೆಳಗೆ ಮಲಗಿ ಮಲಗಿ ಬೆನ್ನು ಬಾಗಿದೆ, ಉಗುರಿನ ಎಣ್ಣೆ ಊಟದ ತಾಟಿಗೂ ಬರುತ್ತಿದೆ. ನಿನ್ನ ಬಿ.ಪಿ. ಏರುತ್ತದೆ, ಅಪ್ಪನ ಗಾಡಿಯದು ಇಳಿಯುತ್ತದೆ. ನಡುವೆ ನಾನೊಬ್ಬ ಕಾಂಪೌಂಡರ್.

ಆ ಗಾಡಿಯ ವಿಷಯವೇ ಬರೆಯಬೇಕು. "ನಮ್ಮ ಪೂನಂ ಗಂಡನ ಮನಿಗಿ ಇದ್ರಾಗೇ ಹೋಗ್ತಾಳ" ಎಂದು ಅಪ್ಪ ಅಂಬಾಸಿಡರ್‌ನ ಬಾನೆಟ್ ತಟ್ಟುತ್ತಿದ್ದದ್ದು ನಿನಗೆ ನೆನಪಿದೆ. ಅವರು ಹೋದ ಮೇಲೆ ತಾಡಪಾಲಿನ ಕೆಳಗೆ ಇಲಿಗಳ ಮನೆಯಾಗಿತ್ತು. ಎಂಜಿನ್ ಪೂರ್ತಿ ಬಿಚ್ಚಿದೆ. ಬ್ಲಾಕನ್ನು ತೊಳೆದು, ಎಣ್ಣೆ ಹರಿಯುವ ಒಂದೊಂದು ದಾರಿಗೂ ಗಾಳಿ ಹೊಡೆದು, ಜೋಡಿಸುವ ಮುನ್ನ ಪೂಜೆಗೆಂದು ಮೇಜಿನ ಮೇಲಿಟ್ಟೆ. ಪೂನಂ ನಿನ್ನ ಕೈ ಹಿಡಿದು ಮುಂದೆ ಎಳೆದಳು. "ನಂದ್ಯಾಕ ಬೇ, ನಿಮ್ಮ ಅತ್ತಿ ಹಾಕ್ತಾಳ" ಎಂದು ನೀನು ಗೋಡೆಗೆ ಸರಿದೆ. ಅವಳು ಬಿಡಲಿಲ್ಲ. ಕೊನೆಗೆ ನೀನೇ ಮೊದಲ ಅಕ್ಕಿಕಾಳು ಹಾಕಿದೆ, ಆಮೇಲೆ ಉಳಿದವರು. ಅಪ್ಪ ಹೋದ ಮೇಲೆ ನಿನ್ನ ಮುಖದಲ್ಲಿ ಆ ಕಳೆ ನಾನು ನೋಡಿದ್ದು ಅವತ್ತೊಂದೇ ದಿನ.

ಅದಕ್ಕೆ ಹುಮನಾಬಾದಿನಲ್ಲಿ ಕಲ್ಲು ಬಿತ್ತು. ಮದುವೆ ಸೀರೆಗೆಂದು ಹೊಸದಾಗಿ ಜೋಡಿಸಿದ ಎಂಜಿನ್ನಿನ ಅದೇ ಗಾಡಿಯಲ್ಲಿ ಎಲ್ಲರೂ ಹೋದೆವು. ಬಸ್ ಸ್ಟ್ಯಾಂಡ್ ಹತ್ತಿರ ಆಯಿಲ್ ಪ್ರೆಶರಿನ ಮುಳ್ಳು ತಳಕ್ಕೆ ಬಿದ್ದಿತು. ಆ ಒತ್ತಡ ಇಲ್ಲದಿದ್ದರೆ ಬೇರಿಂಗಿಗೆ ಎಣ್ಣೆ ಮುಟ್ಟುವುದಿಲ್ಲ, ಎಂಜಿನ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಅಲ್ಲೇ ಬಂದ್ ಮಾಡಿ ಬಾನೆಟ್ ಎತ್ತಿದೆ. ಚಂದಮ್ಮತ್ತೆ ರಸ್ತೆಯಲ್ಲಿ ನಿಂತು, ಹತ್ತು ಜನ ಕೇಳುವಂತೆ, "ಗಂಡ ಇಲ್ಲದಾಕಿ ಕೈಲಿ ಮೊದಲ ಅಕ್ಕಿಕಾಳು ಹಾಕಿಸಿದ್ರ ಗಾಡಿ ಹ್ಯಾಂಗ ನಡೀತದ? ಮದುವ್ಯಾಗರ ಹುಷಾರ್ ಇರ್ರಿ" ಎಂದಳು. ಅಪ್ಪನ ಸ್ವಂತ ಅಕ್ಕ! ಮುಂಜಾನೆ ಎದ್ದರೆ ವಚನ ಓದುವ ಬಾಯಿ ಅದು. ನಾನು ತಲೆ ಎತ್ತುವಷ್ಟರಲ್ಲಿ ನಿನ್ನ ತವರು ನಿರ್ಣಾದ ಬಸ್ಸು ಹೋಗಿತ್ತು, ನೀನೂ ಹೋಗಿದ್ದೆ. ಈಗ ಮಾವನ ಬಾಯಲ್ಲಿ "ಇಲ್ಲಿಂದೇ ಹರಸ್ತೀನಿ" ಎಂದು ಹೇಳಿ ಕಳಿಸಿದ್ದೀಯ. ಹೆತ್ತವಳು ಊರಾಚೆಯಿಂದ ಹರಸುವುದು ಯಾವ ಶಾಸ್ತ್ರ ಅವ್ವಾ?

ಗಾಡಿಯನ್ನು ಎಳೆಸಿಕೊಂಡು ಬಂದೆ. ಮೊದಲು ಮುಳ್ಳೇ ಸುಳ್ಳು ಹೇಳುತ್ತಿರಬೇಕು ಎಂದುಕೊಂಡು ಬೇರೆ ಮೀಟರ್ ಕಟ್ಟಿ ನೋಡಿದೆ. ಅದೂ ಅದನ್ನೇ ಹೇಳಿತು. ದಪ್ಪ ಎಣ್ಣೆ ಹಾಕಿದೆ. ತಣ್ಣಗಿದ್ದಾಗ ಮುಳ್ಳು ಸ್ವಲ್ಪ ಎದ್ದು, ಬಿಸಿಯಾದ ಕೂಡಲೇ ಮತ್ತೆ ಮಲಗಿತು. ಕೆಳಗಿನ ಎಣ್ಣೆತೊಟ್ಟಿ ಇಳಿಸಿ ಪಂಪ್ ಬಿಚ್ಚಿದೆ, ಎಣ್ಣೆ ಸೋಸುವ ಜಾಳಿಗೆ ನೋಡಿದೆ, ಎರಡೂ ಸರಿ. ಎಂಜಿನ್ನಿನ ಕ್ರ್ಯಾಂಕ್ ದಂಡ ಉಜ್ಜಿಕೊಟ್ಟ ಪಕ್ಕದ ಅಂಗಡಿಯ ಶಂಶುದ್ದೀನ್ ಚಾಚಾನ ಮೇಲೆ ಹರಿಹಾಯ್ದೆ. "ಅರೇ ಶರಣಾ, ನನ್ನ ಕೆಲಸದಾಗ ಫರಕ್ ಇದ್ರ ಮೀಸಿ ಬೋಳಸ್ತೀನಿ" ಎಂದ. ಬೇರಿಂಗುಗಳ ಸಂದು ಅಳೆದೆ. ಅವನ ಮೀಸೆ ಉಳಿಯಿತು, ನನ್ನ ಮಾನ ಹೋಯಿತು. ಎರಡು ದಿನ ನಮ್ಮಿಬ್ಬರಿಗೆ ಚಹಾ ಬೇರೆ ಬೇರೆ ಬಂತು.

ಉಳಿದದ್ದು ಬ್ಲಾಕಿನ ಹಿಂಬದಿಯ ಚಿಕ್ಕ ವಾಲ್ವ್. ನಿನ್ನ ಕುಕ್ಕರಿನ ಸೀಟಿ ಇದ್ದ ಹಾಗೆ ಅದು. ಒತ್ತಡ ಹೆಚ್ಚಾದರಷ್ಟೇ ಬಾಯಿ ಬಿಡಬೇಕು. ಹೊರಗಿನಿಂದಲೇ ಬಿಚ್ಚಬಹುದಾದ ವಾಲ್ವ್, ಮೊದಲ ದಿನವೇ ನೋಡಬೇಕಿತ್ತು. ನಾನೇ ಕೂಡಿಸಿದ್ದು, ಹೊಸ ಸ್ಪ್ರಿಂಗು ಹಾಕಿದ್ದು, ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ಎಲ್ಲರನ್ನೂ ಬೈದೆ, ನನ್ನ ಕೈಯೊಂದನ್ನು ಬಿಟ್ಟು. ನಿನ್ನೆ ಮಧ್ಯಾಹ್ನ ಬಿಚ್ಚಿದರೆ ಅದರ ಬಾಯಲ್ಲಿ ಒಂದು ಕಸ ಸಿಕ್ಕಿಕೊಂಡಿತ್ತು. ವಾಲ್ವ್ ಪೂರ್ತಿ ಮುಚ್ಚದೆ ಎಣ್ಣೆಯೆಲ್ಲ ತೊಟ್ಟಿಗೇ ವಾಪಸು ಹೋಗುತ್ತಿತ್ತು. ತೆಗೆದು, ಒರೆಸಿ, ಕೂಡಿಸಿದೆ. ಇವತ್ತು ರಾಜೇಶ್ವರದವರೆಗೆ ಹೋಗಿ ಬಂದೆ, ಮುಳ್ಳು ಮೇಲೆಯೇ ನಿಂತಿತ್ತು, ಕೆಳಗೆ ಅಲುಗಲಿಲ್ಲ. ಖುಷಿಯಾಗಬೇಕಿತ್ತು. ಪಕ್ಕದ ಸೀಟು ಖಾಲಿ ಇತ್ತು, ಬರೀ ದಣಿವಾಯಿತು.

ಗಾಡಿ ಕೆಟ್ಟದ್ದಕ್ಕೂ ನಿನಗೂ ಸಂಬಂಧವಿಲ್ಲ. ಬಾ ಅವ್ವಾ. ಮಾವನಿಗೆ, ಅಲ್ಲಿನ ಅತ್ತೆಗೆ ನಮ್ಮೆಲ್ಲರ ಶರಣು ಹೇಳು. ಗುಳಿಗೆ ಮರೆಯಬೇಡ. ತಮ್ಮ ಬಸವಕಿರಣ ನಾಳೆ ಲಗ್ನಪತ್ರ ಹಂಚಲು ಆ ಕಡೆ ಬರುತ್ತಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ನಿನ್ನ ಮಗ,
ಶರಣಕುಮಾರ

ತಾ.ಕ.: ಪಾಕೀಟು ಅಂಟಿಸಿ ಮತ್ತೆ ಹರಿದೆ. ಮೇಲೆ ಕಸ ಎಂದು ಬರೆದೆನಲ್ಲ, ಅದು ಅಕ್ಕಿಕಾಳು. ಪೂಜೆಯ ದಿನದ್ದು. ಎಣ್ಣೆ ಕುಡಿದು ಕಪ್ಪಾಗಿದೆ, ಯಾರ ಕೈಯದೋ ಯಾರೂ ಹೇಳಲಾರರು. ಅತ್ತೆಯೇ ಮುಷ್ಟಿ ಮುಷ್ಟಿ ಎರಚಿದ್ದಳು. ನಿನ್ನದೇ ಆಗಿದ್ದರೂ ಇರಲಿ. ಎಣ್ಣೆದಾರಿಯ ತೂತು ಮುಚ್ಚದೆ ಬ್ಲಾಕನ್ನು ಪೂಜೆಗಿಟ್ಟವನು ನಾನು, ಪೂಜೆಯಾದದ್ದನ್ನು ಮತ್ತೆ ತೊಳೆಯಬಾರದು ಎಂದು ಹಾಗೇ ಜೋಡಿಸಿದವನೂ ನಾನು. ನಿನಗೆ ಹೇಳುವುದೇ ಬೇಡ ಎನಿಸಿತ್ತು. ಆದರೆ ಮುಚ್ಚಿಟ್ಟರೆ ಅತ್ತೆಯ ಮಾತಿಗೆ ನಾನೂ ಹೆದರಿದ ಹಾಗಾಯಿತು. ಅವಳಿಗೆ ಕಾಳು ತೋರಿಸಿ, "ಮುತ್ತೈದಿ ಕೈಯಾಂದು ಬಿದ್ದಿದ್ರೂ ವಾಲ್ವ್ ಹಿಂಗೇ ಹಿಡೀತಿತ್ತು" ಎಂದೆ. ಎದ್ದು ಒಳಗೆ ಹೋದಳು. ಪೂನಂ ಒಂದೇ ಮಾತು ಹೇಳಿದ್ದಾಳೆ: "ಮೊದಲ ಅಕ್ಕಿಕಾಳು ಅವ್ವಂದು. ಇಲ್ಲಾಂದ್ರ ನಾ ಮದುವಿ ಮಣಿ ಮ್ಯಾಲ ಕೂಡಂಗಿಲ್ಲ." ಬುಧವಾರ ಮುಂಜಾನೆ ಅಪ್ಪನ ಗಾಡಿ ತಗೊಂಡು ನಾನೇ ಬರುತ್ತೇನೆ. ಈ ಸಲ ಎಲ್ಲ ತೂತೂ ಮುಚ್ಚಿದ್ದೇನೆ. ಗಾಡಿಯ ಮೇಲೆ ಒಂದು ಮುಷ್ಟಿ ಅಕ್ಕಿಕಾಳು ಹಾಕಿಯೇ ಹತ್ತು.