ಆರೋಗ್ಯ ಸಚಿವರ ದುಃಖದ ಮುಖ

ಜುಲೈ 12, ಸೋಮವಾರ

ಪ್ರೀತಿಯ ಅಕ್ಕನಿಗೆ ಪುಟ್ಟಿಯ ನಮಸ್ಕಾರಗಳು.

ನಿನ್ನ ಎರಡು ಪತ್ರಗಳೂ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಏನೋ ನೆಪ ಹೂಡಿ ಏಳುತ್ತಿದ್ದೆ, ಕ್ಷಮಿಸು. ಭಾವನ ಕೆಮ್ಮು ನಿಂತಿತೆಂದು ಓದಿ ಜೀವ ಬಂದಂತಾಯಿತು.

ಪೇಪರಿನಲ್ಲಿ ಬಂದ ಆರೋಗ್ಯ ಸಚಿವರ ಫೋಟೊ ನಾನೇ ತೆಗೆದದ್ದಾ ಎಂದು ಕೇಳಿದ್ದೀಯ. ನಾನೇ. ಅಪ್ಪ ತೀರಿಹೋದ ಹಿಂದಿನ ದಿನ ತೆಗೆದದ್ದು. ವರ್ಷದಿಂದ ಬಾಗಿಲು ಹಾಕಿದ್ದ ಸ್ಟುಡಿಯೊಗೆ ಇಂಥ ಕೆಲಸ ತಾನಾಗಿ ಬಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಸಚಿವರ ಮನೆಯ ಗೇಟಿನಲ್ಲೇ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾಮೆರಾ ಚೀಲಕ್ಕೂ ಔಷಧಿ ಹೊಡೆದರು. ಒಂದು ಫಾರಂ ಕೊಟ್ಟರು. 'ಮನೆಯಲ್ಲಿ ಯಾರಿಗಾದರೂ ಸೋಂಕು ಇದೆಯೇ?' ನಾನು 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಅಪ್ಪ ಆಸ್ಪತ್ರೆ ಸೇರಿ ಅವತ್ತಿಗೆ ಹದಿನಾರು ದಿನ. ಮನೆಯಲ್ಲಂತೂ ಇರಲಿಲ್ಲವಲ್ಲ!

ಆಪ್ತ ಕಾರ್ಯದರ್ಶಿ ನೆಲದ ಮೇಲೆ ಟೇಪು ಅಂಟಿಸಿದ್ದ. "ಈ ಗೆರೆ ದಾಟಬೇಡಿ ಮೇಡಂ. ಸಾಹೇಬ್ರು ಮಾಸ್ಕ್ ತೆಗೆಯೋದು ಎರಡೇ ನಿಮಿಷ." ಸಚಿವರ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಸರಿಮಾಡಿಕೊಳ್ಳಿ ಎಂದು ಎರಡೆರಡು ಮಾಸ್ಕಿನ ಹಿಂದಿನಿಂದ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಅವರು "ಏನಮ್ಮಾ? ಏನಂದ್ರಿ?" ಎನ್ನುತ್ತಲೇ ಇದ್ದರು. ಕೊನೆಗೆ ಮಾಸ್ಕೇ ಇಲ್ಲದ ಅವರ ಭಾವಮೈದುನ ಬಂದು ಕಾಲರ್ ಸರಿಮಾಡಿ, ಮುಖಕ್ಕೆ ಪೌಡರ್ ಒತ್ತಿ, ತಲೆ ಬಾಚಿ ಹೋದ. ಅವನಿಗೆ ಯಾವ ಗೆರೆಯೂ ಇರಲಿಲ್ಲ.

"ಫೋಟೊ ಎಲ್ಲಾ ಆಸ್ಪತ್ರೆ ಮುಂದೆ ಹಾಕ್ತಾರೆ. ಸ್ವಲ್ಪ ದುಃಖ ಕಾಣ್ಬೇಕು ಅಂದಿದಾರೆ. ಹೇಗಮ್ಮಾ ಮಾಡೋದು?" ಎಂದು ಸಚಿವರು ಕೇಳಿದರು.

"ನಿಮ್ಮೋರು ಯಾರಾದ್ರೂ ಒಬ್ಬರೇ ಮಲಗಿದಾರೆ ಅಂದ್ಕೊಳಿ ಸರ್, ನೀವು ಅಲ್ಲಿಗೆ ಹೋಗೋಕಾಗ್ತಿಲ್ಲ" ಎಂದೆ. ಅದು ನನ್ನ ಬಾಯಿಂದ ಹೇಗೆ ಬಂತೋ. ಅವರು ಕಣ್ಣು ತಗ್ಗಿಸಿದರು, ಚೆನ್ನಾಗಿಯೇ ಬಂತು. ಎರಡು ನಿಮಿಷ ಹೋಗಿ ನಲವತ್ತಾಯಿತು. ಮುಗಿದ ಮೇಲೆ ಅದೇ ಕೋಣೆಯಲ್ಲಿ ಹದಿನೈದು ಜನ ಸೇರಿ, ಮಾಸ್ಕ್ ಕಳಚಿ, ನಗುತ್ತಾ ಕಾಫಿ ಕುಡಿದರು. ಮಾರನೇ ದಿನ ಅಪ್ಪನ ಜೊತೆ ಸ್ಮಶಾನಕ್ಕೆ ಹೋಗಲು ಇಬ್ಬರಿಗಷ್ಟೇ ಅನುಮತಿ. ದಾರಿ ಮುಚ್ಚಿ ನೀನು ಬರಲಾಗದೆ, ಆ ಎರಡನೆಯ ಜಾಗದಲ್ಲಿ ಆಂಬುಲೆನ್ಸ್ ಡ್ರೈವರ್ ನಿಂತ.

ಈಗ ಎಲ್ಲರೂ ಫೋಟೊ ಹೊಗಳುತ್ತಾರೆ. "ಮುಖದಲ್ಲಿ ಎಷ್ಟು ಸಂಕಟ ಹಿಡಿದಿದ್ದೀರಿ!" ಎನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮುತ್ತು. ನೀವೆಲ್ಲ ನೂರು ಕಾಲ ಚೆನ್ನಾಗಿರಿ.

ನಿನ್ನ,
ಪುಟ್ಟಿ

ಮರೆತಿದ್ದು: ಮರೆತಿರಲಿಲ್ಲ, ಅಕ್ಕ. ಆಸ್ಪತ್ರೆಯವರು ಒಳಗೆ ಬಿಡಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಫೋಟೊ ತೆಗೆದ ದಿನ ಬೆಳಿಗ್ಗೆ ನರ್ಸ್ ಫೋನ್ ಮಾಡಿದ್ದರು. "ಇವತ್ತು ಒಬ್ಬರನ್ನ ಬಿಡ್ತೀವಿ, ಹತ್ತು ನಿಮಿಷ. ಬನ್ನಿ." ವಾರ್ಡಿಗೆ ಹೋಗಿಬಂದವರಿಗೆ ಸಚಿವರ ಮನೆಯೊಳಗೆ ಪ್ರವೇಶವಿರಲಿಲ್ಲ. "ನಾಳೆ ಬರ್ತೀನಿ, ಮಗಳು ನಾಳೆ ಬರ್ತಾಳೆ ಅಂತ ಹೇಳಿ" ಎಂದೆ. ಅವರು ಹೇಳಿದರಂತೆ. ಅಪ್ಪ ಕೊನೆಗೆ ಏನಾದರೂ ಅಂದರಾ ಎಂದು ನೀನು ಎರಡೂ ಪತ್ರದಲ್ಲಿ ಕೇಳಿದ್ದೀಯ. ಬಾಗಿಲ ಕಡೆ ಮುಖ ಬರೋ ಹಾಗೆ ಮಲಗಿಸಿ ಅಂದರಂತೆ, ಅಷ್ಟೇ.