ನನ್ನ ಲೆನ್ಸಿಗೆ ಹೊಟ್ಟೆನೋವಿಲ್ಲವೆಂದು ಬರೆದುಕೊಟ್ಟವರಿಗೆ

ಕ್ಯಾಮೆರಾ ಕಂಪನಿಯ ದುರಸ್ತಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ವಿಭಾಗವು ನನ್ನ ಲೆನ್ಸನ್ನು ಎರಡು ಸಲ ತರಿಸಿಕೊಂಡು, ಎರಡು ಸಲವೂ ನೋಡದೆ, ನೋಡಿದ್ದೇವೆಂದು ಬರೆದು ವಾಪಸು ಕಳಿಸಿದೆ. ಇದೇ ನನ್ನ ದೂರು. ನೋಡಲಿಲ್ಲವೆಂದು ನಿನಗೆ ಹೇಗೆ ಗೊತ್ತು, ನಮ್ಮ ಮೇಜಿನ ಕೆಳಗೇನಾದರೂ ಕೂತಿದ್ದೆಯಾ ಎಂದು ತಾವು ಕೇಳಬಹುದು. ನಿಮ್ಮದೇ ಮುದ್ರೆ ಬಿದ್ದ ಸಾಕ್ಷಿ ನನ್ನ ಬಳಿ ಇದೆ. ಆದರೆ ಅದನ್ನು ತೋರಿಸಬೇಕಾದರೆ ನನ್ನ ಮಾನವನ್ನು ನಾನೇ ಹರಾಜಿಗಿಡಬೇಕು. ಇರಲಿ. ಹೆರಿಗೆ ವಾರ್ಡಿನಿಂದ ಬಂದವಳ ಬಳಿ ಹರಾಜಿಗೆ ಅದಾದರೂ ಎಷ್ಟು ಉಳಿದಿರುತ್ತದೆ?

ನಾನು ದಾಖಲೆಗಳ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಹಳೆಯ ಜನನ ನೋಂದಣಿ ಪುಸ್ತಕಗಳ ಫೋಟೊ ತೆಗೆಯುವವಳು. ಮುಟ್ಟಿದರೆ ಉದುರುವ ಹಾಳೆಗಳು; ಪೂರ್ತಿ ಉದುರುವ ಮೊದಲು ಪುಟ ಪುಟವಾಗಿ ಚಿತ್ರ ತೆಗೆದಿಡಬೇಕು. ಕಚೇರಿಗೊಂದು ಒಳ್ಳೆಯ ಲೆನ್ಸ್ ಬೇಕೆಂದು ಕೋರಿಕೆ ಸಲ್ಲಿಸಿದ್ದೆವು. ಆ ಕಡತ ಮೇಜಿನಿಂದ ಮೇಜಿಗೆ ಇನ್ನೂ ಅಂಬೆಗಾಲಿಡುತ್ತಿದೆ; ಅದಕ್ಕಿಂತ ಮೊದಲು ನನ್ನ ಮಗಳೇ ಓಡಾಡಿಯಾಳು. ಹಾಗಾಗಿ ಏಳು ತಿಂಗಳ ಬಸುರಿಯಾಗಿದ್ದಾಗ ನಿಮ್ಮ ಕಂಪನಿಯ ಲೆನ್ಸನ್ನು ನಾನೇ ಕೊಂಡೆ. ಡಬ್ಬಿ ಬಿಚ್ಚಿದ್ದು ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ. ಕೈ ಕುದುರಲಿ ಎಂದು ಮೊದಲು ಅವಳದೇ ಫೋಟೊ ತೆಗೆದೆ. ಚಿತ್ರದ ಬಲಕ್ಕೆ ಹೊದಿಕೆಯ ನೂಲು ನೂಲನ್ನೂ ಎಣಿಸಬಹುದಿತ್ತು. ಎಡಕ್ಕೆ ಅವಳ ಮುಷ್ಟಿ ಇತ್ತು. ಹತ್ತಿಯ ಉಂಡೆಯಂತೆ ಕಂಡಿತು. ಪುಟ್ಟ ಕೂಸು, ಮೆತ್ತಗಿದೆ, ಹಾಗೇ ಕಾಣುತ್ತದೇನೋ ಎಂದುಕೊಂಡೆ. ನನ್ನ ಬುದ್ಧಿ ಆಗ ಇದ್ದ ಸ್ಥಿತಿ ಇದು.

ಆಮೇಲೆ ಕಚೇರಿಗೆ ಹೋಗಿ ಮಾದರಿಗೆಂದು ಹತ್ತು ಪುಟ ತೆಗೆದುಕೊಟ್ಟೆ. ಈ ಪುಸ್ತಕಗಳಲ್ಲಿ ಎಡಗಡೆ ಮಗುವಿನ ಹೆಸರು, ಬಲಗಡೆ ದಿನಾಂಕ ಮತ್ತು ಸಹಿ. ನನ್ನ ಚಿತ್ರಗಳಲ್ಲಿ ದಿನಾಂಕಗಳೆಲ್ಲ ಸುಸೂತ್ರವಾಗಿ ಹುಟ್ಟಿದ್ದವು, ಮಕ್ಕಳು ಮಾತ್ರ ಹುಟ್ಟಿರಲಿಲ್ಲ. ನಮ್ಮ ಮೇಲ್ವಿಚಾರಕರು ಬೈಯುವವರಲ್ಲ, ಮರುಗುವವರು. ಬೈದರೆ ತಿರುಗಿ ಏನಾದರೂ ಅನ್ನಬಹುದು. ಮರುಗುವವರನ್ನು ಏನು ಮಾಡುವುದು?

"ಕೈ ನಡುಗಿದೆ ಅನ್ಸುತ್ತಮ್ಮ," ಎಂದರು. "ನಿದ್ದೆ ಇರಲ್ಲ ನೋಡು. ನನ್ನ ಹೆಂಡ್ತಿನೂ ಬಾಣಂತನದಲ್ಲಿ ಟೀಗೆ ಉಪ್ಪು ಹಾಕೋಳು."

"ಲೆನ್ಸೇ ಸರಿ ಇಲ್ಲ ಸಾರ್."

"ಹೊಸ ಲೆನ್ಸಲ್ವೇನಮ್ಮ ಅದು? ಸರಿ, ಲೆನ್ಸಿಂದೇ ತಪ್ಪು ಅಂತ ಕಂಪನಿಯವರ ಹತ್ರ ಬರೆಸ್ಕೊಂಡು ಬಾ. ಆಮೇಲೆ ನೋಡೋಣ."

ಅವರು ನಂಬದಿದ್ದದ್ದು ಅವರ ತಪ್ಪಲ್ಲ. ನನ್ನ ಮಾತನ್ನು ನಾನೇ ನಂಬದಂತೆ ಬದುಕಿದ್ದೇನೆ, ಈ ನಾಲ್ಕು ತಿಂಗಳು. ಮಗು ಅತ್ತರೆ ಏನಾಯಿತೆಂದು ಗಾಬರಿ, ಅಳದಿದ್ದರೆ ಯಾಕೆ ಅಳುತ್ತಿಲ್ಲವೆಂದು ಗಾಬರಿ. ಹಾಯಾಗಿ ಮಲಗಿದ ಕೂಸನ್ನು ಉಸಿರಾಡುತ್ತಿದೆಯೇ ಎಂದು ತಿವಿದು ಎಬ್ಬಿಸಿ, ಎದ್ದು ಚೀರಿದಾಗ 'ಸದ್ಯ, ಉಸಿರಿದೆ' ಎಂದು ನಿಟ್ಟುಸಿರು ಬಿಟ್ಟವಳು ನಾನು. ಅವಳ ಎಡಗಿವಿ ಬಲಗಿವಿಗಿಂತ ದೊಡ್ಡದೆಂದು ದಾರ ಹಿಡಿದು ಅಳೆದು, ಆ ದಾರವನ್ನು ಪರ್ಸಿನಲ್ಲಿಟ್ಟುಕೊಂಡು ಡಾಕ್ಟರ ಬಳಿಗೆ ಓಡಿದ್ದೇನೆ. ಇಂಥವಳು ಬಂದು 'ಲೆನ್ಸಿನ ಎಡಭಾಗ ಮಸುಕು' ಎಂದರೆ ಯಾರು ತಾನೇ ನಂಬುತ್ತಾರೆ? ಪದವಿ ಪಡೆದಿದ್ದೇನೆ, ಅದೂ ಭೌತಶಾಸ್ತ್ರದಲ್ಲಿ. ಬೆಳಕು ಮತ್ತು ಮಸೂರಗಳ ಪತ್ರಿಕೆಯಲ್ಲಿ ಕಾಲೇಜಿಗೇ ಮೊದಲಿಗಳು. ಆ ಪ್ರಮಾಣಪತ್ರದ ಮೇಲೆ ಈಗ ಗ್ರೈಪ್ ವಾಟರ್ ಬಾಟಲಿ ಕೂತಿರುತ್ತದೆ.

ಮೊದಲ ಸಲ ನಿಮ್ಮ ಅರ್ಜಿಯಲ್ಲಿ 'ಚಿತ್ರ ಸ್ಪಷ್ಟವಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಕಳಿಸಿದೆ. ಹನ್ನೆರಡು ದಿನಕ್ಕೆ 'ದೋಷ ಕಂಡುಬಂದಿಲ್ಲ' ಎಂಬ ಚೀಟಿಯೊಂದಿಗೆ ಬಂತು. ತಪ್ಪು ನನ್ನದೇ, ವಿವರವಾಗಿ ಬರೆಯಬೇಕಿತ್ತು ಎಂದುಕೊಂಡು ಪರೀಕ್ಷೆಗೆ ಇಳಿದೆ. ದಿನಪತ್ರಿಕೆಯೊಂದನ್ನು ಬಿಚ್ಚಿ ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಫೋಟೊ ತೆಗೆದೆ. ಪತ್ರಿಕೆಯ ಎಡ ಅಂಚು ಮಸುಕು. ಕ್ಯಾಮೆರಾವನ್ನು ತಲೆಕೆಳಗು ಮಾಡಿ ತೆಗೆದೆ. ಈಗ ಪತ್ರಿಕೆಯ ಬಲ ಅಂಚು ಮಸುಕು! ಗೋಡೆ ಓರೆಯಾಗಿದ್ದರೆ ಮಸುಕು ಪತ್ರಿಕೆಯ ಅದೇ ಅಂಚಿನಲ್ಲೇ ಉಳಿಯಬೇಕಿತ್ತು. ಕೈ ನಡುಗಿದ್ದರೆ ಪತ್ರಿಕೆಯಿಡೀ ಮಸುಕಾಗಬೇಕಿತ್ತು. ಅದೇ ಕ್ಯಾಮೆರಾಕ್ಕೆ ನನ್ನ ಹಳೆಯ ಪುಟ್ಟ ಲೆನ್ಸ್ ಹಾಕಿದರೆ ಇಡೀ ಪುಟ ಹಿಡಿಸುವುದಿಲ್ಲ, ಆದರೆ ಹಿಡಿಸಿದಷ್ಟು ಚೊಕ್ಕ. ಅಂದರೆ ಹೊಸ ಲೆನ್ಸಿನ ಒಳಗಿನ ಯಾವುದೋ ಗಾಜು ಓರೆಯಾಗಿ ಕೂತಿದೆ. ಹದಿನಾರು ಸಲ ಮಾಡಿ ನೋಡಿದೆ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ತಡೆಯಲಾರದೆ ಕೇಳಿದರು: "ಏನೇ ಅದು, ಕ್ಯಾಮೆರಾನ ಬಾವಲಿ ಥರ ನೇತು ಹಾಕಿದ್ದೀಯ? ಹೋಗಿ ಒಂದು ಗಳಿಗೆ ಮಲಗಬಾರದೇನೇ?"

"ಇಲ್ಲಿ ನೋಡಿ ಅತ್ತೆ. ನಿಮಗೇನು ಕಾಣುತ್ತೆ ಹೇಳಿ."

ಕನ್ನಡಕ ಸರಿಮಾಡಿಕೊಂಡು ನೋಡಿದರು. "ಈ ಕಡೆ ಓದಬಹುದು. ಆ ಕಡೆ ಯಾರೋ ಒದ್ದೆ ಬಟ್ಟೇಲಿ ಒರೆಸಿದ ಹಾಗಿದೆ. ಇದಕ್ಕೆ ತಲೆಕೆಳಗೆ ಯಾಕೆ ಮಾಡಬೇಕಿತ್ತು? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಮಾನ್ಯರೇ, ಕಣ್ಣಿನ ಪೊರೆ ತೆಗೆಸಿಕೊಂಡ ಅರವತ್ತೆಂಟರ ಹೆಂಗಸಿಗೆ ಅರೆಕ್ಷಣದಲ್ಲಿ ಕಂಡದ್ದು ನಿಮ್ಮ ಪ್ರಯೋಗಾಲಯಕ್ಕೆ ಹನ್ನೆರಡು ದಿನವಾದರೂ ಕಾಣದೆ ಹೋದದ್ದು ಹೇಗೆ?

ಇಷ್ಟನ್ನೂ ಅಂಕೆ ಹಾಕಿ ಒಂದು ಹಾಳೆಯಲ್ಲಿ ಬರೆದೆ. ಇನ್ನು ಹರಾಜಿನ ಭಾಗ. ನನ್ನ ಬಳಿ ಇರುವುದು ಒಂದೇ ನೋಟುಪುಸ್ತಕ. ಮಗಳು ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಕಕ್ಕಿದಳು, ಎಲ್ಲ ಅದರಲ್ಲೇ. ಡಾಕ್ಟರಿಗೆ ತೋರಿಸಲು ಮಗಳ ತೊಂದರೆಗಳನ್ನೂ ಅಂದೇ ಇನ್ನೊಂದು ಹಾಳೆಯಲ್ಲಿ ಬರೆದಿದ್ದೆ. ಎರಡನ್ನೂ ಪುಸ್ತಕದಿಂದ ಹರಿದು ತೆಗೆದೆ, ಎರಡನ್ನೂ ನಾಲ್ಕಾಗಿ ಮಡಚಿದೆ. ಒಂದನ್ನು ಲೆನ್ಸಿನ ಡಬ್ಬಿಗೆ ಹಾಕಿ ಕೊರಿಯರ್ ಮಾಡಿದೆ, ಇನ್ನೊಂದನ್ನು ಆಸ್ಪತ್ರೆಯ ಫೈಲಿಗೆ ಸಿಕ್ಕಿಸಿದೆ. ತಾವು ಬುದ್ಧಿವಂತರು, ಮುಂದಿನದನ್ನು ಊಹಿಸಿರುತ್ತೀರಿ. ನಾನು ಊಹಿಸಿರಲಿಲ್ಲ.

ಮೂರನೆಯ ದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹಾಳೆ ಬಿಚ್ಚಿ ಓದತೊಡಗಿದರು. ವಯಸ್ಸಾದವರು, ನಿಧಾನಸ್ಥೆ, ಒಂದಕ್ಷರ ಬಿಡುವವರಲ್ಲ. ಓದುತ್ತ ಓದುತ್ತ ಹುಬ್ಬು ಮೇಲೇರಿತು.

"ಎಡಭಾಗ ಮಸುಕು. ತಲೆಕೆಳಗು ಮಾಡಿದರೆ ಮಸುಕು ಆಚೆ ಬದಿಗೆ ಹೋಗುತ್ತದೆ..." ಹಾಳೆಯ ಮೇಲಿಂದ ನನ್ನನ್ನೇ ನೋಡಿದರು. "ತಲೆಕೆಳಗು ಮಾಡಿದ್ಯಾ?"

"ಹೌದು ಡಾಕ್ಟ್ರೇ."

"ಸ್ಟ್ಯಾಂಡಿಗೆ ಬಿಗಿದು. ಹದಿನಾರು ಸಲ." ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಇನ್ನೂ ಮೆಲ್ಲಗೆ ಕೇಳಿದರು, "ಯಾವ ಸ್ಟ್ಯಾಂಡಿಗಮ್ಮ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ, ಮೊದಲು ಮಗಳ ಕಣ್ಣಿಗೆ ಬೆಳಕು ಹಿಡಿದು ನೋಡಿದರು. "ಬರೆದಿದ್ದೀಯಲ್ಲ, ನೋಡೇಬಿಡೋಣ" ಎಂದರು. ಹೊಟ್ಟೆ ಒತ್ತಿ ನೋಡಿದರು. ಆಮೇಲೆ ನನ್ನ ಹಾಳೆಯನ್ನು ಮತ್ತೆ ಎತ್ತಿಕೊಂಡು ಕೊನೆಯ ಸಾಲಿನವರೆಗೂ ಓದಿದರು.

"ಮಗು ಚೆನ್ನಾಗಿದೆ. ಬರೀ ಗಾಳಿ, ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕ್ಕೊಂಡು ಬೆನ್ನು ತಟ್ಟು. ಲೆನ್ಸೇ ಚೆನ್ನಾಗಿಲ್ಲ. ನಿದ್ದೆಗೆಟ್ಟವಳು ಬರೆದಿದ್ದು ಅಂತ ಅಕ್ಷರ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಸರಿಯಾಗಿ ನೋಡಿ ಬರೆದಿದ್ದೀಯ ಕಣಮ್ಮ."

ಆಗ ಮಾತ್ರ ನಕ್ಕರು. ನಾನು ಅತ್ತುಬಿಟ್ಟೆ. ಮಗಳೂ ಜೊತೆಗೂಡಿದಳು.

ಮನೆಗೆ ಬಂದವಳೇ ನಾಚಿಕೆಯಿಂದ ಮುದುಡಿ ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ನನ್ನ ಮಗಳ ಹೊಟ್ಟೆಯ ಪುರಾಣ ಓದಿ ನಿಮ್ಮ ತಂತ್ರಜ್ಞರು ಏನಂದುಕೊಂಡರೋ ಎಂಬ ಚಿಂತೆ ನನಗೆ.

"ನಿಮ್ಮ ದೂರಿನ ಪರಿಶೀಲನೆ ಆಗಲೇ ಮುಗಿದಿದೆ ಮೇಡಂ," ಎಂದಿತು ಇಂಪಾದ ಹೆಣ್ಣುದನಿ.

"ಅದಲ್ಲಮ್ಮ, ನಾನು ಡಬ್ಬಿಯಲ್ಲಿಟ್ಟಿದ್ದು ಬೇರೆ ಹಾಳೆ..."

"ಹಾಳೆಯಲ್ಲಿದ್ದ ಎಲ್ಲಾ ಪಾಯಿಂಟೂ ಚೆಕ್ ಮಾಡಿದ್ದಾರೆ ಮೇಡಂ. ಎಲ್ಲಾ ನಾರ್ಮಲ್."

"ಎಲ್ಲಾನೂ?"

"ಎಲ್ಲಾನೂ ಮೇಡಂ."

"ಎರಡು ದಿನದಿಂದ ಕಕ್ಕ ಮಾಡಿಲ್ಲ ಅನ್ನೋದೂ?"

ಆ ಕಡೆ ಕೀಲಿಮಣೆ ಟಕಟಕ ಅಂದಿತು. "ಅದೂ ನಾರ್ಮಲ್ ಅಂತಲೇ ಇದೆ ಮೇಡಂ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಮಾನ್ಯರೇ, ಮುಂದಿನ ವಾರ ಡಬ್ಬಿ ಬಂತು. ಜೊತೆಗೆ ನನ್ನ ಹಾಳೆಯೂ ಬಂತು. ಅದರಲ್ಲಿದ್ದದ್ದು ಇಷ್ಟು: ಹಾಲು ಕುಡಿದ ಮೇಲೆ ಕಾಲು ಮಡಚಿಕೊಂಡು ಚೀರುತ್ತಾಳೆ, ಎಡಮಗ್ಗುಲಿಗೆ ಮಲಗಿಸಿದರೆ ಕಕ್ಕುತ್ತಾಳೆ, ಎರಡು ದಿನದಿಂದ ಕಕ್ಕ ಇಲ್ಲ, ಅದಕ್ಕೆ ಹಿಂದಿನ ಸಲದ್ದು ಹಸಿರು. ಆ 'ಹಸಿರು' ಎಂಬ ಪದದ ಮೇಲೆ ನಿಮ್ಮ ನೇರಳೆ ಬಣ್ಣದ ದುಂಡು ಮುದ್ರೆ: 'ಪರಿಶೀಲಿಸಲಾಗಿದೆ'. ವರದಿ ಹೇಳುತ್ತದೆ: 'ಗ್ರಾಹಕರು ಲಿಖಿತವಾಗಿ ನೀಡಿದ ಎಲ್ಲ ದೂರುಗಳನ್ನು ಕೂಲಂಕಷವಾಗಿ ಪರೀಕ್ಷಿಸಲಾಗಿದ್ದು, ಯಾವುದೇ ದೋಷ ಕಂಡುಬಂದಿರುವುದಿಲ್ಲ. ಬಳಕೆದಾರರ ನಿರ್ವಹಣೆಯ ದೋಷ.'

ಒಂದು ಲೆಕ್ಕದಲ್ಲಿ ಇದು ಅಪ್ಪಟ ಸತ್ಯ. ನನ್ನ ಲೆನ್ಸ್ ಹಾಲು ಕುಡಿದು ಚೀರುವುದಿಲ್ಲ. ಅದರ ಜೀರ್ಣಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಕೂಲಂಕಷವಾಗಿ ಪರೀಕ್ಷಿಸಿದ ಆ ತಜ್ಞರನ್ನು ಒಮ್ಮೆ ಕಾಣಬೇಕೆಂಬ ಆಸೆ ಮಾತ್ರ ಇದೆ. ಮಕ್ಕಳ ವಿಭಾಗದಲ್ಲಿ ಅವರಿಗೆ ಉಜ್ವಲ ಭವಿಷ್ಯವಿದೆ.

ಇದು ಇಲ್ಲಿಗೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮನೆಯ ಕರೆಗಂಟೆಗೆ ಮಗು ಬೆಚ್ಚಿ ಏಳುತ್ತದೆಂದು ನಾನು ನಿಮಗೆ ಕೊಟ್ಟಿದ್ದು ಕಚೇರಿಯ ವಿಳಾಸ. ವರದಿ ನೇರ ಮೇಲ್ವಿಚಾರಕರ ಮೇಜಿಗೆ ಹೋಯಿತು. ಅವರು ಕೊನೆಯ ಸಾಲನ್ನು ಓದಿ, ಮರುಗಿ, ನನ್ನ ಕಡತಕ್ಕೆ ಸೇರಿಸಿದರು. "ಕಂಪನಿಯವರೇ ಬರೆದಿದ್ದಾರಲ್ಲಮ್ಮ. ಮಗು ಓಡಾಡೋವರೆಗೂ ಮನೇಲಿರು. ಮುಂದಿನ ಪುಸ್ತಕ ಬೇರೆಯವರಿಗೆ ಕೊಡ್ತೀನಿ." ಮುದ್ರೆ ಬಿದ್ದ ಹಾಳೆ ತೋರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕನ್ನಡಕ ಒರೆಸಿಕೊಂಡು ಹೇಳಿದರು, "ತಮಾಷೆ ಸರಿ. ಆದ್ರೆ ವರದಿ ವರದೀನೇ. ಬರೆದವರೇ ತೆಗೀಬೇಕು. ಇಪ್ಪತ್ತೈದನೇ ತಾರೀಕಿನೊಳಗೆ ತೆಗೆಸ್ಕೊಂಡು ಬಾ, ಪುಸ್ತಕ ನಿನಗೇ."

ನಿಮ್ಮ ತಂತ್ರಜ್ಞರ ಮೇಜಿನ ಮೇಲೆ ದಿನಕ್ಕೆ ಎಷ್ಟು ಡಬ್ಬಿಗಳು ಬೀಳುತ್ತವೋ ನನಗೆ ತಿಳಿಯದು. ಅವರಿಗೂ ನಿದ್ದೆ ಇಲ್ಲದಿರಬಹುದು, ಅವರ ಮನೆಯಲ್ಲೂ ಒಂದು ಕೂಸಿರಬಹುದು. ಓದದೆ ಸಹಿ ಹಾಕುವ ಆಯಾಸ ನನಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ನಾನು ಏನೇನಕ್ಕೆ ಸಹಿ ಹಾಕಿದ್ದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಓದಲು ಪುರುಸೊತ್ತಿಲ್ಲದವರಿಗೆ 'ಬಳಕೆದಾರರ ದೋಷ' ಎಂದು ಬರೆಯಲು ಪುರುಸೊತ್ತು ಎಲ್ಲಿಂದ ಬಂತು? ನೀವು ಬರೆಯುವ ಮೊದಲೇ ಆ ಮಾತನ್ನು ದಿನಕ್ಕೆ ಇಪ್ಪತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಅದು ಮುದ್ರೆಯೊಂದಿಗೆ ಬಂದಿದೆ.

ಲೆನ್ಸನ್ನು ಮೂರನೆಯ ಸಲ ಕಳಿಸುತ್ತಿದ್ದೇನೆ. ಗೋಡೆಗೆ ಒಂದು ಪತ್ರಿಕೆ ಅಂಟಿಸಿ. ಎರಡು ಫೋಟೊ ತೆಗೆಯಿರಿ, ಒಂದು ನೆಟ್ಟಗೆ, ಒಂದು ತಲೆಕೆಳಗೆ. ಐದು ನಿಮಿಷದ ಕೆಲಸ. ಗಾಜು ಓರೆಯಾಗಿದ್ದರೆ ಸರಿಪಡಿಸಿ. ಆ ಕೊನೆಯ ಸಾಲನ್ನು ಹಿಂತೆಗೆದುಕೊಂಡಿದ್ದೇವೆಂದು ನಮ್ಮ ಮೇಲ್ವಿಚಾರಕರಿಗೆ ಇಪ್ಪತ್ತೈದರೊಳಗೆ ಪತ್ರ ಬರೆಯಿರಿ. ಕ್ಷಮೆ ಬೇಡ, ಉಡುಗೊರೆ ಬೇಡ, ಮುದ್ರೆಯಂತೂ ಬೇಡವೇ ಬೇಡ. ನೋಡಿದವರು ಯಾರೋ ಅವರು ತಮ್ಮ ಕೈಯಾರೆ ಸಹಿ ಹಾಕಲಿ.

ನೋಡಿದ ಮೇಲೂ ಲೆನ್ಸ್ ಸರಿಯಾಗಿಯೇ ಇದೆ, ತಪ್ಪು ನನ್ನದೇ ಎಂದು ಕಂಡುಬಂದರೆ ಅದನ್ನೂ ಧಾರಾಳವಾಗಿ ಬರೆಯಿರಿ. ಒಪ್ಪಿಕೊಂಡು ಮನೆಯಲ್ಲಿರುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ತಪ್ಪುವವಳಿಗೆ ಅದೇನು ದೊಡ್ಡದಲ್ಲ. ಆದರೆ ಆ ಉಳಿದ ಒಂದನ್ನು ನೋಡದೆ ನನ್ನ ಕೈಯಿಂದ ಕಿತ್ತುಕೊಳ್ಳಬೇಡಿ.

ಇಂತಿ,
ಈ ಸಲ ಡಬ್ಬಿಯಲ್ಲಿಟ್ಟದ್ದು ಸರಿಯಾದ ಹಾಳೆಯೇ ಎಂದು ಮೂರು ಸಲ ಬಿಚ್ಚಿ ನೋಡಿ, ಅತ್ತೆಯಿಂದಲೂ ಓದಿಸಿ, ಆದರೂ ಪೂರ್ತಿ ಖಾತ್ರಿಯಿಲ್ಲದ
ಒಬ್ಬ ಬಳಕೆದಾರಳು